ಎರಡು ಗಿಡ್ಡ, ಒಂದು ಉದ್ದ

ನಮ್ಮ ಸೋದರಮಾವ ಯಾವ ಯಂತ್ರವನ್ನು ಮುಟ್ಟಿದರೂ ಮೊದಲು ಅದಕ್ಕೆ ಅರ್ಥ ಕೊಡುತ್ತಿದ್ದ. ಕೇಳಿದವರು ಯಾರೋ ದೊಡ್ಡ ಪಂಡಿತನಿರಬೇಕು ಅಂದುಕೊಳ್ಳಬೇಕು. ಅವನು ರೇಡಿಯೊ ರಿಪೇರಿಯವನು. ಯಂತ್ರದ ತಗಡಿನ ಮೈಗೆ, ಅಂದರೆ ಚಾಸಿಗೆ, ಒಂದು ಹಸಿರು ತಂತಿ ಬೆಸೆದು ನೆಲಕ್ಕೆ ಮುಟ್ಟಿಸುವುದನ್ನು ಲೋಕದವರೆಲ್ಲ ಅರ್ತಿಂಗ್ ಎನ್ನುತ್ತಾರೆ. ಇವನ ಬಾಯಲ್ಲಿ ಅದು ಅರ್ಥ. "ಅರ್ಥ ಇಲ್ಲದ ಪೆಟ್ಟಿಗೆ ಮಾತಾಡಲ್ಲ ಕಣೆ, ಬರೀ ಗುಂಯ್ ಅನ್ನುತ್ತೆ" ಎಂದು ಹೇಳಿ ತಾನೇ ನಗುತ್ತಿದ್ದ. ಆ ಜೋಕನ್ನು ನಾನು ಸಾವಿರ ಸಲ ಕೇಳಿದ್ದೇನೆ. ಕೊನೆಗೆ ನಮ್ಮ ತಲೆಯ ಮೇಲೆ ಕಲ್ಲು ಹಾಕಿದ್ದೂ ಅದೇ ಜೋಕು.

ಕೆಲಸ ಕಲಿಯುವ ಕಾಲದಲ್ಲಿ ಅರ್ಥವಿಲ್ಲದ ಒಂದು ವಾಲ್ವ್ ರೇಡಿಯೊ ಅವನನ್ನು ಎತ್ತಿ ಗೋಡೆಗೆ ಎಸೆದಿತ್ತಂತೆ. ಎಡಗೈ ಕಿರುಬೆರಳು ಅವತ್ತಿನಿಂದ ಸೆಟೆದೇ ನಿಂತಿದೆ. ಟೀ ಕುಡಿಯುವಾಗ ದೊಡ್ಡ ಸಾಹೇಬರ ಠೀವಿ ಬರುತ್ತದೆ, ಹಾಕಿಕೊಂಡಿರುವ ಅಂಗಿಗೆ ಗುಂಡಿ ಇರುವುದಿಲ್ಲ. ಗುಂಡಿ ಹಾಕಿಕೊಡಲು ನಾನಿದ್ದೇನಲ್ಲ, ಆದರೆ ಅಂಗಿ ಬಿಚ್ಚಿಕೊಡಲು ಅವನಿಗೆ ಪುರಸೊತ್ತಿಲ್ಲ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ "ಬಂದ ಸೆಟ್ ಎಲ್ಲ ಬೇರೆಯವರದ್ದು" ಎನ್ನುತ್ತಾನೆ.

ನಮ್ಮ ಅಂಗಡಿ ಒಂದೇ ಕೋಣೆ. ನಡುವೆ ಪ್ಲೈವುಡ್ ಹಲಗೆ. ಆ ಕಡೆ ಅವನ ರೇಡಿಯೊಗಳು, ಈ ಕಡೆ ನನ್ನ ಹೊಲಿಗೆ ಯಂತ್ರ. ಅವನ ಕಡೆಯ ಶೆಲ್ಫಿನಲ್ಲಿ ರಿಪೇರಿಯಾಗಿ ಕೂತ ಸೆಟ್ಟುಗಳು, ಒಂದೊಂದರ ಹಣೆಗೂ ಯಜಮಾನರ ಹೆಸರಿನ ಚೀಟಿ. ಯಜಮಾನರು ಬರುವುದಿಲ್ಲ. ಕೆಲವರು ಇನ್ನು ಬರುವ ಸ್ಥಿತಿಯಲ್ಲೂ ಇಲ್ಲ. ಹೋದ ವರ್ಷ ಆ ಕಡೆಗೆ ಬಂದವರು ಇಬ್ಬರು, ಅದರಲ್ಲಿ ಒಬ್ಬ ವಿಳಾಸ ಕೇಳಲು ಬಂದವನು. ಆದರೂ ಮಾವ ಬೆಳಗ್ಗೆ ಬಂದು ಬೆಸುಗೆ ಕಡ್ಡಿ ಕಾಯಿಸಿ ಇಟ್ಟುಕೊಳ್ಳುತ್ತಿದ್ದ. ನನಗೆ ಅದನ್ನು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು. ಯಾಕೆ ಎಂದು ಕೇಳಿದರೆ ಹೇಳಲಾರೆ, ಸಂಕಟಕ್ಕೂ ಕೋಪಕ್ಕೂ ನನ್ನಲ್ಲಿ ಒಂದೇ ಬಾಗಿಲು.

ಅವನ ರಿಪೇರಿಯನ್ನು ಮೆಚ್ಚದ ಒಬ್ಬಳೇ ಒಬ್ಬಳು ನಮ್ಮಮ್ಮ, ಅವನ ಅಕ್ಕ. ಮನೆಯ ರೇಡಿಯೊವನ್ನು ಅವನು ಬಿಚ್ಚಿ ಮುಚ್ಚಿದಾಗಲೆಲ್ಲ ಅವಳು ಕಿವಿಯನ್ನು ಪೆಟ್ಟಿಗೆಗೆ ಆನಿಸಿ, ಕಣ್ಣು ಮುಚ್ಚಿ, ತೀರ್ಪು ಕೊಡುತ್ತಿದ್ದಳು.

"ಗುಂಯ್ ಅನ್ನುತ್ತೆ ಕಣೋ."

"ಎಲ್ಲಿ ಅನ್ನುತ್ತಕ್ಕ? ನಿನ್ನ ತಲೆ ಒಳಗೆ ಅನ್ನುತ್ತೆ."

"ನಿನ್ನ ಕೈ ತಾಗಿದ್ದೆಲ್ಲ ಗುಂಯ್ ಅನ್ನುತ್ತೆ."

ಮತ್ತೆ ಬಿಚ್ಚುತ್ತಿದ್ದ. ಊರಿನವರೆಲ್ಲ ಹೊಗಳಿದರೂ ಅಕ್ಕನ ಬಾಯಿಂದ 'ಗುಂಯ್ ಇಲ್ಲ' ಎನ್ನಿಸಲು ನಲವತ್ತು ವರ್ಷ ಹೆಣಗಿದ. ಅವಳು ಪಟ್ಟು ಸಡಿಲಿಸಲಿಲ್ಲ. ಅದು ಅವರಿಬ್ಬರ ಆಟ, ನಡುವೆ ನಮಗೆ ಜಾಗವಿರಲಿಲ್ಲ.

ಅಪ್ಪ ಉಗಿ ಇಂಜಿನ್ ಡ್ರೈವರ್. ಮನೆಯ ಹಿತ್ತಲಿನಾಚೆ ರೈಲು ಹಳಿ ತಿರುವು ತೆಗೆದುಕೊಳ್ಳುತ್ತದೆ. ಕೆಲಸ ಮುಗಿಸಿ ಗಾಡಿಯನ್ನು ಸ್ಟೇಷನ್ನಿಗೆ ತರುವಾಗ ಆ ತಿರುವಿನಲ್ಲಿ ಎರಡು ಗಿಡ್ಡ, ಒಂದು ಉದ್ದ ಕೂಗು ಹಾಕುತ್ತಿದ್ದ. ಹಾಗೆ ಕೂಗಲು ರೈಲ್ವೆಯಲ್ಲಿ ಅಪ್ಪಣೆಯಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಕೂಗು ಕೇಳಿದ ಕೂಡಲೇ ಅಮ್ಮ ಮಾಡುತ್ತಿದ್ದ ಕೆಲಸ ಬಿಟ್ಟು ಸ್ನಾನಕ್ಕೆ ನೀರಿಡುತ್ತಿದ್ದಳು. ಪಾತ್ರೆಯ ಮುಚ್ಚಳ ಬಡಿದುಕೊಳ್ಳಲು ಶುರುವಾಗುವುದಕ್ಕೂ ಅಪ್ಪ ಮಸಿ ಮುಖದಲ್ಲಿ ಬಾಗಿಲಿಗೆ ಬರುವುದಕ್ಕೂ ಸರಿಹೋಗುತ್ತಿತ್ತು. ಆಮೇಲೆ ಉಗಿ ಇಂಜಿನ್ ಹೋಗಿ ಡೀಸೆಲ್ ಬಂತು. ಡೀಸೆಲ್ಲಿನಲ್ಲೂ ಅಪ್ಪ ಹಾಗೇ ಕೂಗಿಸಿ ನೋಡಿದ. "ಎಮ್ಮೆ ಕೂಗಿದ ಹಾಗಿದೆ, ಬೇಡ" ಎಂದಳು ಅಮ್ಮ. ಅಲ್ಲಿಗೆ ಆ ಪರಿಪಾಠ ಮುಗಿಯಿತು.

ಅಪ್ಪ ನಿವೃತ್ತಿಯಾದ ದಿನ ಶೆಡ್ಡಿನ ಫಿಟ್ಟರ್ ತನ್ನ ಕೈಯಾರೆ ಮಾಡಿದ ಹಿತ್ತಾಳೆ ಇಂಜಿನ್ ಒಂದನ್ನು ಕೊಟ್ಟ. ಮೊಳದುದ್ದ. ಚಕ್ರಕ್ಕೆ ಚಕ್ರ, ಸರಳಿಗೆ ಸರಳು, ಹಿಂದೆ ಕಲ್ಲಿದ್ದಲಿನ ಪುಟ್ಟ ಗಾಡಿ, ಹೊಟ್ಟೆಯೊಳಗೆ ಒಂದು ಮೋಟರ್. ಹಳಿಗೆ ಕರೆಂಟು ಕೊಟ್ಟರೆ ಓಡುತ್ತಿತ್ತು, ಬಾಯಿ ಮಾತ್ರ ಇರಲಿಲ್ಲ. ಅಪ್ಪ ಎರಡು ದಿನ ಓಡಿಸಿ ಶೋಕೇಸಿನಲ್ಲಿಟ್ಟ. ಅವನು ಹೋಗಿ ಒಂಬತ್ತು ವರ್ಷವಾಯಿತು. ಇಂಜಿನ್ ಅಲ್ಲೇ ಇತ್ತು, ಅಮ್ಮ ದಿನವೂ ಒರೆಸುತ್ತಿದ್ದಳು.

ಆಮೇಲೆ ಅಮ್ಮನ ಕಿವಿ ದೂರವಾಯಿತು. ಮೊದಮೊದಲು ನಗಲು ಸಾಕಾಗುವಷ್ಟೇ. "ದಾರ ತೀರಿಹೋಯ್ತಮ್ಮ" ಎಂದು ನಾನಂದರೆ "ಅಯ್ಯೋ, ಯಾರು ತೀರಿಹೋದ್ರು?" ಎಂದು ಎದೆ ಹಿಡಿದುಕೊಂಡಿದ್ದಳು. ಎಡಗಿವಿ ಪೂರ್ತಿ ಹೋದ ಮೇಲೆ ನಗು ನಿಂತಿತು. ಕಿವಿ ಡಾಕ್ಟರು ಪರೀಕ್ಷೆ ಮಾಡಿ, ನರವೇ ಒಣಗುತ್ತಿದೆ, ಕಿವಿಗೆ ಹಾಕುವ ಯಂತ್ರ ಇದ್ದದ್ದನ್ನು ದೊಡ್ಡದು ಮಾಡಬಹುದು, ಇಲ್ಲದ್ದನ್ನು ತರಲಾರದು ಎಂದರು. ಬಲಗಿವಿಗೆ ಎಷ್ಟು ದಿನ ಎಂದು ಕೇಳಿದೆ. ಆರು ತಿಂಗಳು ಸಿಕ್ಕರೆ ಪುಣ್ಯ ಎಂದರು.

ಮನೆಗೆ ಬಂದವಳೇ ಶೋಕೇಸಿನ ಮುಂದೆ ನಿಂತು ಇಂಜಿನ್ ಒರೆಸುತ್ತಾ ಅಮ್ಮ ಅಂದಳು: "ಇದು ಒಂದು ಸಲ ಕೂಗಿದ್ದರೆ ಚೆನ್ನಾಗಿತ್ತು. ಕಿವಿ ಮುಚ್ಚೋಕೆ ಮುಂಚೆ ಅವರ ಕೂಗು ಒಂದೇ ಒಂದು ಸಲ ಕೇಳಿಬಿಟ್ಟಿದ್ದರೆ ಸಾಕಿತ್ತು."

ನಮ್ಮಮ್ಮ ಜೀವಮಾನದಲ್ಲಿ ತಮ್ಮನ ಹತ್ತಿರ ಏನನ್ನೂ ಕೇಳಿದವಳಲ್ಲ. ಮಾವ ತಿನ್ನುತ್ತಿದ್ದ ಬ್ರೆಡ್ಡನ್ನು ತಟ್ಟೆಯಲ್ಲೇ ಬಿಟ್ಟು ಎದ್ದ.

ಅವನ ಹತ್ತಿರ ಒಂದು ಟೇಪಿತ್ತು. ಅಪ್ಪನ ಉಗಿ ಇಂಜಿನ್ನಿನ ಕಾಲದಲ್ಲಿ, ಆಗತಾನೇ ರಿಪೇರಿ ಮಾಡಿದ ಟೇಪ್ ರೆಕಾರ್ಡರನ್ನು ಪರೀಕ್ಷಿಸಲು ಮಹಡಿ ಮೇಲೆ ಒಯ್ದು ಭಾವನ ಕೂಗನ್ನು ಹಿಡಿದಿದ್ದ. ಅವತ್ತೇ ಹುಡುಕಿ ಹಾಕಿದ. ಅಮ್ಮ ಬಲಗಿವಿಯನ್ನು ಆನಿಸಿ ಕೇಳಿ ತಲೆಯಾಡಿಸಿದಳು.

"ಇದು ನಿನ್ನ ಡಬ್ಬಿ ಸದ್ದು ಕಣೋ. ಅವರದ್ದು ದೂರದಿಂದ ಹತ್ತಿರಕ್ಕೆ ಬರ್ತಿತ್ತು. ಇದು ಎಲ್ಲಿಗೂ ಬರಲ್ಲ, ಕೂತಲ್ಲೇ ಕೂಗುತ್ತೆ. ಜೊತೆಗೆ ಗುಂಯ್ ಅಂತ ಬೇರೆ."

ಮಾವನಿಗೆ ಅಷ್ಟು ಸಾಕಾಯಿತು. ಕೂಗು ಬರಬೇಕು, ನಡೆದು ಬರಬೇಕು, ಇಂಜಿನ್ನಿನ ಬಾಯಿಂದಲೇ ಬರಬೇಕು. ಪಕ್ಕದ ಅಂಗಡಿಯ ಮೊಬೈಲ್ ರಿಪೇರಿಯವನನ್ನು ಹೋಗಿ ಕೇಳಿದ. ತನ್ನ ಗಿರಾಕಿಗಳನ್ನೆಲ್ಲ ಎಳೆದುಕೊಂಡವನೆಂದು ಅವನ ಮುಖವನ್ನೇ ನೋಡದಿದ್ದ ಮಾವ ಈಗ ಅವನ ಮುಂದೆಯೇ ಸ್ಟೂಲು ಹಾಕಿಕೊಂಡು ಕೂತ. ಅವನಿಂದ ತಿಳಿದದ್ದು ಇದು: ಆಟದ ರೈಲಿನ ಹುಚ್ಚಿರುವವರಿಗಾಗಿ ಡಿಕೋಡರ್ ಎಂಬ ಒಂದು ಚಿಪ್ ಬರುತ್ತದೆ, ಹೆಬ್ಬೆರಳ ಉಗುರಿನಷ್ಟು. ಅದನ್ನು ಇಂಜಿನ್ನಿನೊಳಗೆ ಕೂರಿಸಿದರೆ ಕೈಯಲ್ಲಿರುವ ಪೆಟ್ಟಿಗೆಯ ಗುಂಡಿ ಒತ್ತಿ ಓಡಿಸಬಹುದು, ನಿಲ್ಲಿಸಬಹುದು, ಬೇಕಾದ ಕೂಗನ್ನು ತುಂಬಿ ಕೂಗಿಸಬಹುದು. ಸಮುದ್ರದಾಚೆ ಅದನ್ನು ಮಾಡುವ ಒಬ್ಬ ಮುದುಕನಿದ್ದಾನೆ. ಮೊಬೈಲಿನವನೇ ಟೇಪಿನ ಕೂಗನ್ನು ಕಂಪ್ಯೂಟರಿಗೆ ಇಳಿಸಿದ. ಗುಂಯ್ ಸದ್ದನ್ನು ಅರ್ಧ ಅಳಿಸಿದ, ಪೂರ್ತಿ ಅಳಿಸಿದರೆ ಕೂಗೂ ಹೋಗುತ್ತದೆ ಎಂದ. ಮುದುಕನಿಗೆ ಕಳಿಸಿದೆವು. ಐದು ವಾರಕ್ಕೆ ಚಿಪ್ ಬಂತು, ಅಪ್ಪನ ಕೂಗನ್ನು ಹೊಟ್ಟೆಯಲ್ಲಿಟ್ಟುಕೊಂಡು.

ಆ ಐದು ವಾರ ಮಾವನನ್ನು ನೋಡಬೇಕಿತ್ತು. ಅಂಗಿಗೆ ಗುಂಡಿ ಹಾಕಿಸಿಕೊಂಡ.

ಚಿಪ್ ಬಂದ ಮರುದಿನ ಮಧ್ಯಾಹ್ನ ಮನೆಯ ಊಟದ ಮೇಜಿನ ಮೇಲೆ ಇಂಜಿನ್ ಬಿಚ್ಚಿದ. ಕಲ್ಲಿದ್ದಲ ಗಾಡಿಯೊಳಗೆ ಚಿಪ್ಪಿಗೂ ನಾಣ್ಯದಷ್ಟಗಲದ ಸ್ಪೀಕರಿಗೂ ಜಾಗ ಮಾಡಿದ. ಕೂದಲಿನಂಥ ತಂತಿಗಳು. ಅವನ ಕಣ್ಣಿಗೆ ಅವು ಕಾಣಲಿಲ್ಲ, ನಾನೇ ಸೂಜಿಗೆ ದಾರ ಪೋಣಿಸಿದ ಹಾಗೆ ರಂಧ್ರಗಳಲ್ಲಿ ಹಾಯಿಸಿ ಕೊಟ್ಟೆ. ಕೆಂಪು ಕಪ್ಪು ತಂತಿಗಳು ಹಳಿಯ ಕರೆಂಟು ತರುವುದಕ್ಕೆ, ಕಿತ್ತಳೆ ಬೂದು ಬಣ್ಣದವು ಮೋಟರಿಗೆ. ಅವನು ಬೆಸೆಯುತ್ತಿದ್ದ, ನಾನು ಜೊತೆಗೆ ಬಂದಿದ್ದ ಕಾಗದವನ್ನು ಓದಿ ಹೇಳುತ್ತಿದ್ದೆ. ನನ್ನ ಇಂಗ್ಲಿಷು ಬಟ್ಟೆಯ ಮೇಲಿನ ಚೀಟಿ ಓದುವಷ್ಟು, ಆದರೂ ಅಕ್ಷರ ಕೂಡಿಸಿಕೊಂಡು ತಿಳಿದುಕೊಂಡೆ.

"ಮಾವಾ, ಇಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದಾರೆ ನೋಡು. ಮೋಟರಿಗೂ ಚಾಸಿಗೂ ಸಂಬಂಧ ಇರಕೂಡದಂತೆ. ಇದ್ದರೆ ಚಿಪ್ ಸುಟ್ಟುಹೋಗುತ್ತಂತೆ."

ಅವನು ಬೆಸುಗೆಯ ಹೊಗೆಯಲ್ಲಿ ಮುಖವಿಟ್ಟುಕೊಂಡು "ಹ್ಞಾ, ಹ್ಞಾ" ಎಂದ.

"ಅರ್ಥ ಆಯ್ತಾ?"

"ಆಯ್ತು ಆಯ್ತು. ಗಟ್ಟಿಯಾಗೇ ಕೊಟ್ಟಿದೀನಿ."

ನಾನು ನಕ್ಕೆ. ಅದೇ ಹಳೇ ಜೋಕು ಎಂದು ನಕ್ಕುಬಿಟ್ಟೆ. ಅವನು ಜೋಕು ಹೇಳಿರಲಿಲ್ಲ. ಎಲ್ಲಿ ಗುಂಯ್ ಎಂದುಬಿಡುತ್ತದೋ ಎಂಬ ಭಯಕ್ಕೆ, ಯಾವ ಕಾಗದವೂ ಕೇಳದ ಒಂದು ಹಸಿರು ತಂತಿಯನ್ನು ಮೋಟರಿನ ಮೈಯಿಂದ ಚಾಸಿಗೆ ಬೆಸೆದಿದ್ದ. ನಲವತ್ತು ವರ್ಷ ಪ್ರತಿಯೊಂದು ಯಂತ್ರಕ್ಕೂ ಮಾಡಿದ್ದನ್ನೇ ಮಾಡಿದ್ದ. ಆದರೆ ಈ ಇಂಜಿನ್ನಿನಲ್ಲಿ ಒಂದು ಕಡೆಯ ಹಳಿಯ ಕರೆಂಟು ಬರುವುದೇ ಚಾಸಿಯ ಮೂಲಕ. ಅದು ಮೊದಲು ಚಿಪ್ಪಿಗೆ ಹೋಗಬೇಕು, ಚಿಪ್ ಅಳೆದು ಕೊಟ್ಟದ್ದಷ್ಟೇ ಮೋಟರಿಗೆ ಸಿಗಬೇಕು. ಹಸಿರು ತಂತಿ ನೇರ ದಾರಿ ತೆರೆದಿತ್ತು.

ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಅವಳ ಬಲಗಿವಿಯ ಕಡೆಗೆ ಹಳಿ ಜೋಡಿಸಿ, ಮಾವ ಸ್ವಿಚ್ ಹಾಕಿದ. ಚಟ್ ಎಂದಿತು. ಕಲ್ಲಿದ್ದಲ ಗಾಡಿಯಿಂದ ಎಳೆಯಷ್ಟು ಹೊಗೆ ಎದ್ದಿತು. ಅಷ್ಟೇ.

ಅಮ್ಮ ಮೂಗೆಳೆದುಕೊಂಡಳು. "ಏನೋ ಸುಟ್ಟ ವಾಸನೆ. ಒಲೆ ಮೇಲೆ ಹಾಲಿಟ್ಟಿದ್ದೀಯೇನೆ?"

ನಾನು ಬಾಯಿಗೆ ಬಂದ ಹಾಗೆ ಕೂಗಾಡಿದೆ. "ಅರ್ಥ ಆಯ್ತು ಅಂದ್ಯಲ್ಲ ಮಾವಾ! ಓದಿ ಹೇಳಿದ್ನಲ್ಲ!" ಮಾವ ಹಸಿರು ತಂತಿಯನ್ನು ಬೆರಳಲ್ಲಿ ಮುಟ್ಟಿ ನೋಡುತ್ತಾ ಕೂತಿದ್ದ. "ನೀನು ಅರ್ಥ ಕೊಟ್ಟಾಯ್ತಾ ಅಂತ ಕೇಳಿದೆ ಅಂದ್ಕೊಂಡೆ ಕಣೆ" ಎಂದ, ತುಂಬಾ ಮೆಲ್ಲಗೆ. ಅವನ ತಪ್ಪು ಹೌದು. ಆ ಮಾತಿಗೆ ನಕ್ಕು ಕಾಗದ ಮಡಿಚಿಟ್ಟ ನನ್ನ ತಪ್ಪೂ ಹೌದು. ಇವತ್ತಿಗೂ ಆ ನಗು ನೆನಪಾದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಇನ್ನೊಂದು ಚಿಪ್ಪಿಗೆ ಹೇಳಿಕಳಿಸಿದೆವು. ಮುದುಕ ಆಸ್ಪತ್ರೆಯಲ್ಲಿದ್ದಾನೆ, ಬಂದ ಮೇಲೆ ಮಾಡಿಕೊಡುತ್ತಾನೆ ಎಂದು ಅವನ ಮಗಳು ಉತ್ತರ ಬರೆದಳು. ಹನ್ನೊಂದು ವಾರ ಕಾದೆವು. ಡಾಕ್ಟರು ಹೇಳಿದ ಆರು ತಿಂಗಳನ್ನು ಕಿವಿ ಕಾಯಲಿಲ್ಲ.

ಮೊದಲು ಕಾಲಿಂಗ್ ಬೆಲ್ ಹೋಯಿತು, ಆಮೇಲೆ ರೇಡಿಯೊ. ಕರಿ ಬಟ್ಟೆಯ ತುಂಡೊಂದರ ಮೇಲೆ ನಾನು ಹೊಲಿಗೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆದು ತೋರಿಸುವುದು ಶುರುವಾಯಿತು. ಅಮ್ಮ ಜಾಣೆ, ತುಟಿ ನೋಡಿ ಅರ್ಧ ಹಿಡಿಯುತ್ತಿದ್ದಳು, ಮಿಕ್ಕ ಅರ್ಧಕ್ಕೆ "ಹೂಂ, ಹೂಂ" ಎಂದು ನಗುತ್ತಿದ್ದಳು. ನೆಂಟರು ಬಂದರೆ ಕೇಳಿಸುತ್ತಿದೆ ಎಂದೇ ನಂಬಿ ಹೋಗುತ್ತಿದ್ದರು. ಒಂದು ದಿನ ಅವಳ ಬೆನ್ನ ಹಿಂದೆ ಸ್ಟೀಲ್ ತಟ್ಟೆಗಳ ಅಟ್ಟಿ ಜಾರಿ ನೆಲಕ್ಕೆ ಬಿತ್ತು. ಬೀದಿಯ ನಾಯಿ ಬೊಗಳಿತು. ಅಮ್ಮ ಬೀನ್ಸ್ ಬಿಡಿಸುವುದನ್ನು ನಿಲ್ಲಿಸಲಿಲ್ಲ.

ಮಾವನಿಗೆ ಹೇಳಿದೆ. "ಇಲ್ಲ ಕಣೆ, ಸ್ವಲ್ಪ ಉಳಿದಿದೆ. ತಟ್ಟೆ ಸದ್ದು ಬೇರೆ, ಕೂಗಿನ ಸದ್ದು ಬೇರೆ" ಎಂದ. ತಟ್ಟೆ ಬಿದ್ದಾಗ ಅವನೂ ಮನೆಯಲ್ಲೇ ಇದ್ದ. ಅವನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಅಮ್ಮನಿಗಂತೂ ಗೊತ್ತೇ ಇತ್ತು. ಮೂವರೂ ಗೊತ್ತಿಲ್ಲದವರ ಹಾಗೆ ಒಂದೇ ಮೇಜಿನಲ್ಲಿ ಊಟ ಮಾಡುತ್ತಿದ್ದೆವು.

ಎರಡನೇ ಚಿಪ್ ಬಂತು. ಈ ಸಲ ಮಾವ ಕಾಗದವನ್ನು ನನ್ನಿಂದ ಮೂರು ಸಲ ಓದಿಸಿದ. ಹಸಿರು ತಂತಿ ಕಿತ್ತ. ಮೋಟರಿನ ಸುತ್ತ ಟೇಪು ಸುತ್ತಿದ, ಅದನ್ನು ಹಿಡಿದ ಸ್ಕ್ರೂ ತೆಗೆದು ಪ್ಲಾಸ್ಟಿಕ್ ಸ್ಕ್ರೂ ಹಾಕಿದ, ಮೀಟರಿನ ಎರಡು ಕಡ್ಡಿಗಳನ್ನು ಮೋಟರಿಗೂ ಚಾಸಿಗೂ ಮುಟ್ಟಿಸಿ ಮುಳ್ಳು ಅಲುಗದಿರುವುದನ್ನು ನನಗೂ ತೋರಿಸಿದ.

"ಅರ್ಥ ಇಲ್ಲ ಕಣೆ ಈ ಸಲ" ಎಂದ. "ಒಂಚೂರೂ ಅರ್ಥ ಇಲ್ಲ."

ಅಂಗಡಿಯಲ್ಲೇ ತುಂಡು ಹಳಿಯ ಮೇಲಿಟ್ಟು ಪರೀಕ್ಷಿಸಿದೆವು. ಗುಂಡಿ ಒತ್ತಿದ. ಎರಡು ಗಿಡ್ಡ, ಒಂದು ಉದ್ದ. ಹಿಂದೆಯೇ ಟೇಪಿನ ಗುಂಯ್ ಸದ್ದೂ ಸಣ್ಣಗೆ ಇತ್ತು. ಒಂಬತ್ತು ವರ್ಷದ ಮೇಲೆ ಅಪ್ಪ ಪ್ಲೈವುಡ್ ಹಲಗೆಯ ಆ ಕಡೆಯಿಂದ ಬಂದ ಹಾಗಾಯಿತು. ನಾನು ಗಿರಾಕಿಯೊಬ್ಬಳ ಅರ್ಧ ಹೊಲಿದ ರವಿಕೆಯಲ್ಲೇ ಕಣ್ಣೊರೆಸಿಕೊಂಡೆ. ಮಾವ ನನ್ನ ಉಗುರು ಬಣ್ಣದ ಶೀಶೆ ತೆಗೆದುಕೊಂಡು ಕೂಗಿನ ಗುಂಡಿಯ ಮೇಲೆ ಒಂದು ಕೆಂಪು ಚುಕ್ಕಿ ಇಟ್ಟ, ಕೈತಪ್ಪಿ ಬೇರೆ ಗುಂಡಿ ಒತ್ತದಿರಲೆಂದು.

ಭಾನುವಾರ ಬೆಳಗ್ಗೆ ಅಡುಗೆಮನೆಯಿಂದ ಹಜಾರದವರೆಗೆ ಹಳಿ ಜೋಡಿಸಿದ. ಬಚ್ಚಲು ಬಾಗಿಲ ಹತ್ತಿರ ಬೇಕೆಂದೇ ಒಂದು ತಿರುವು ಕೊಟ್ಟಿದ್ದ. ಇಂಜಿನ್ ಅಲ್ಲಿಗೆ ಬಂದಾಗ ಕೂಗಬೇಕು, ಕೂಗುತ್ತಾ ಅಕ್ಕನ ಹತ್ತಿರ ಬರಬೇಕು. ಅಮ್ಮ ತಲೆ ಬಾಚಿಕೊಂಡು, ಇಸ್ತ್ರಿ ಸೀರೆ ಉಟ್ಟು, ಹಜಾರದ ಕೊನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಕಿವಿಯ ಯಂತ್ರವನ್ನೂ ಹಾಕಿಕೊಂಡಿದ್ದಳು. ನಾನು ಬಟ್ಟೆಯ ಮೇಲೆ 'ಈಗ' ಎಂದು ಬರೆದು ತೋರಿಸಿದೆ. ಅವಳು ಬಲಗಿವಿಯನ್ನು ಮುಂದೆ ಮಾಡಿದಳು.

ಇಂಜಿನ್ ಹೊರಟಿತು. ಸರಳುಗಳು ಮೇಲೆ ಕೆಳಗೆ ಆಡುತ್ತಾ ಅಡುಗೆಮನೆಯ ಹೊಸ್ತಿಲು ದಾಟಿತು. ಮಾವ ಗೋಡೆಗೊರಗಿ ಪೆಟ್ಟಿಗೆ ಹಿಡಿದು ನಿಂತಿದ್ದ, ಸೆಟೆದ ಕಿರುಬೆರಳು ಮೇಲಕ್ಕೆ, ಹೆಬ್ಬೆರಳು ಕೆಂಪು ಚುಕ್ಕಿಯ ಮೇಲೆ ಗಾಳಿಯಲ್ಲಿ. ಇಂಜಿನ್ ತಿರುವಿಗೆ ಬಂತು. ಒತ್ತಿದ ಮೇಲೂ ಅಕ್ಕನ ಮುಖ ಅಲುಗದಿದ್ದರೆ ಎಂಬ ಭಯ ಅವನಿಗೆ. ಅರೆಗಳಿಗೆ ತಡಮಾಡಿದ.

"ಕೇಳಿಸ್ತು ಕಣೋ!" ಎಂದಳು ಅಮ್ಮ.

ಎರಡೂ ಕೈ ಎದೆಗಿಟ್ಟುಕೊಂಡಿದ್ದಳು. ಮುಖವೆಲ್ಲ ನಗು. "ಅವರದ್ದೇ! ಎರಡು ಗಿಡ್ಡ, ಒಂದು ಉದ್ದ. ಎಷ್ಟು ಚೆನ್ನಾಗಿ ಕೇಳಿಸ್ತು!"

ಮಾವನ ಹೆಬ್ಬೆರಳು ಇನ್ನೂ ಗಾಳಿಯಲ್ಲೇ ಇತ್ತು. ಅವನು ಒತ್ತಿರಲಿಲ್ಲ.

ಇಂಜಿನ್ ಸದ್ದಿಲ್ಲದೆ ಬಂದು ಅವಳ ಕಾಲ ಬಳಿ ಹಳಿಯ ಕೊನೆಗೆ ತಾಗಿ ನಿಂತಿತು. ಅಮ್ಮ ಬಗ್ಗಿ ಅದರ ಬೆನ್ನು ಸವರಿದಳು. ಅವಳ ಮುಖ ನನಗೆ ಚೆನ್ನಾಗಿ ಗೊತ್ತು. ನೆಂಟರ ಮುಂದೆ "ಹೂಂ, ಹೂಂ" ಎನ್ನುವಾಗಿನ ಮುಖವೇ ಅದು, ಇವತ್ತು ಇನ್ನೂ ಸ್ವಲ್ಪ ಜಾಸ್ತಿ ಶ್ರಮ ಪಟ್ಟಿತ್ತು. ತಮ್ಮನ ಕಡೆ ತಿರುಗಿ, ನಲವತ್ತು ವರ್ಷ ಹಿಡಿದಿಟ್ಟುಕೊಂಡಿದ್ದನ್ನು ಕೊಟ್ಟುಬಿಟ್ಟಳು.

"ಗುಂಯ್ ಅನ್ನೋದು ಒಂಚೂರೂ ಇಲ್ಲ ಕಣೋ ಈ ಸಲ."

ಮಾವ ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಕರಿ ಬಟ್ಟೆಯ ಮೇಲೆ 'ಹೌದಕ್ಕ' ಎಂದು ಬರೆದು ತೋರಿಸಿದ. ಪೆಟ್ಟಿಗೆಯ ಸ್ವಿಚ್ ಆರಿಸಿ ಕಿಟಕಿಯ ಮೇಲಿಟ್ಟ. ಆ ಕೆಂಪು ಚುಕ್ಕಿಯ ಗುಂಡಿಯನ್ನು ಆಮೇಲೆ ಅವನೂ ಒತ್ತಲಿಲ್ಲ, ನಾನೂ ಒತ್ತಲಿಲ್ಲ.

ಅಮ್ಮ ಕಣ್ಣೊರೆಸಿಕೊಂಡು ಎದ್ದಳು. "ಇರು, ನೀರಿಡ್ತೀನಿ" ಎಂದು ಹಳಿಯನ್ನು ಹುಷಾರಾಗಿ ದಾಟಿ ಅಡುಗೆಮನೆಗೆ ಹೋದಳು. ಒಲೆ ಹೊತ್ತಿಸಿ, ಪಾತ್ರೆಯಿಟ್ಟು, ಮುಚ್ಚಳ ಮುಚ್ಚಿ, ಕಿಟಕಿಯಾಚೆ ರೈಲು ಹಳಿಯ ತಿರುವನ್ನು ನೋಡುತ್ತಾ ನಿಂತಳು. ನಾವಿಬ್ಬರೂ ಹಜಾರದಲ್ಲೇ ಉಳಿದೆವು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೀರು ಕುದಿಯತೊಡಗಿತು. ಮುಚ್ಚಳ ಬಡಿದುಕೊಳ್ಳತೊಡಗಿತು, ಮೊದಲು ಮೆಲ್ಲಗೆ, ಆಮೇಲೆ ಮನೆಯೆಲ್ಲ ಕೇಳಿಸುವ ಹಾಗೆ. ಅಮ್ಮ ಒಲೆಗೆ ಬೆನ್ನು ಹಾಕಿ ಅಲ್ಲೇ ಒಂದು ಮಾರು ದೂರದಲ್ಲಿ ನಿಂತಿದ್ದಳು, ತಿರುಗಿ ನೋಡಲಿಲ್ಲ. ಮಾವ ಹೋಗಿ ಒಲೆ ಆರಿಸಿದ.